ಚೆಲುವಿಯನ್ನು ಬೋನಿಗೆ ಕರೆದವನು

ಯಾರಾದರೂ ತಮಗಾದ ವಿಚಿತ್ರ ಅನುಭವ ಹೇಳಲು ತೊಡಗಿದರೆ ನಾನು ಎಲೆಯಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಿದ್ದೆ. ಬಾಯಿ ತುಂಬ ಎಲೆಯಡಿಕೆ ಇದ್ದರೆ ನಗು ಬಂದದ್ದು ಎದುರಿನವರಿಗೆ ತಿಳಿಯುವುದಿಲ್ಲ. ಕತ್ತಲಾಗಿತ್ತಂತೆ, ಒಬ್ಬರೇ ಬರುತ್ತಿದ್ದರಂತೆ, ಹಿಂದೆ ಹೆಜ್ಜೆ ಸಪ್ಪಳವಾಯಿತಂತೆ. ಕತ್ತಲಲ್ಲಿ ಹೆದರಿಕೊಂಡು ನಡೆಯುವವನಿಗೆ ತನ್ನ ಹೆಜ್ಜೆಯೇ ಎರಡಾಗಿ ಕೇಳುತ್ತದೆ ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟು ಸುಮ್ಮನಾಗುತ್ತಿದ್ದೆ. ಈಗ ಹಾಗೆ ತೀರ್ಪು ಕೊಡಲು ಬಾಯಿ ಬರುವುದಿಲ್ಲ. ಇಂಥದನ್ನೆಲ್ಲ ನಂಬಲು ಶುರುಮಾಡಿದೆ ಎಂದು ತಿಳಿಯಬೇಡಿ. ನನಗಾದದ್ದು ಹಾಡುಹಗಲಿನಲ್ಲಿ, ಸುಡುವ ಬಿಸಿಲಿನಲ್ಲಿ, ಕಚೇರಿ ಕಾಗದಗಳ ನಡುವೆ. ಆ ಹೊತ್ತಿನಲ್ಲಿ ನಾನು ಸಿಟ್ಟಿನಿಂದ ಕುದಿಯುತ್ತಿದ್ದೆ; ಭಯಪಡಲು ನನಗೆ ಬಿಡುವೇ ಇರಲಿಲ್ಲ. ಅದಕ್ಕೇ ಅದನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೋ ಗೊತ್ತಾಗದೆ ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಆಗ ಕನ್ನಂಬಾಡಿ ಕಟ್ಟೆ ಮುಗಿದು ಕೆಲವು ವರ್ಷಗಳಾಗಿದ್ದವು. ಶ್ರೀರಂಗಪಟ್ಟಣದಲ್ಲಿ ಕೋಟೆಗೂ ಹೊಳೆಗೂ ನಡುವೆ ಒಂದು ಚಿಕ್ಕ ಮೃಗದ ತೋಟವಿತ್ತು. ಪ್ರಾಣಿಗಳ ಹುಚ್ಚಿದ್ದ ಊರಿನ ವರ್ತಕರೊಬ್ಬರು ಅದನ್ನು ಮಾಡಿಸಿ, ಎಲ್ಲರೂ ಬಂದು ನೋಡಲಿ ಎಂದು ಬಿಟ್ಟಿದ್ದರು. ಒಂದಿಷ್ಟು ಜಿಂಕೆ, ನವಿಲು, ಒಂದು ಮುಳ್ಳುಹಂದಿ, ಒಂದು ಮೊಸಳೆ, ಒಂದು ಮುದಿ ಕತ್ತೆಕಿರುಬ, ಮತ್ತೆ ಚೆಲುವಿ ಎಂಬ ಕರಡಿ. ಭಾನುವಾರ ಹಿರೋಡೆ, ಪಾಲಹಳ್ಳಿ ಕಡೆಯಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ವರ್ತಕರು ತೀರಿಕೊಂಡ ಮೇಲೆ ತೋಟ ಒಂದು ಕಮಿಟಿಯ ಕೈಗೆ ಬಂತು. ಆ ಕಮಿಟಿಗೆ ನಾನು ಗುಮಾಸ್ತ. ಕಮಿಟಿಯವರಿಗೆ ಮೊದಮೊದಲು ಉತ್ಸಾಹವಿತ್ತು, ಆಮೇಲೆ ಬೇಸರ ಬಂತು. ಹೊಳೆ ಏರಿದ ಒಂದು ವರ್ಷ ಹಿಂಬದಿಯ ಗೋಡೆ ಕುಸಿಯಿತು. ಅದನ್ನು ಕಟ್ಟಿಸುವ ಬದಲು ತೋಟವನ್ನೇ ಮುಚ್ಚಿ ಪ್ರಾಣಿಗಳನ್ನು ಮೈಸೂರಿನ ಮೃಗಾಲಯಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ತೀರ್ಮಾನ ಅವರದು, ಕಳಿಸುವ ಕೆಲಸ ನನ್ನದು.

ಕೆಲಸ ಎಷ್ಟು ತಲೆಕೆಡಿಸುವುದೆಂದು ಮಾಡಿದವರಿಗೇ ಗೊತ್ತು. ಗಾಡಿ ಬಂದ ದಿನ ಬಡಗಿ ಬರುವುದಿಲ್ಲ. ಬಡಗಿ ಬಂದ ದಿನ ಗಾಡಿಯವನಿಗೆ ನೆಂಟರ ಮನೆ. ಮೊಸಳೆ ಕೊಳದ ಕೆಸರಿನಲ್ಲಿ ಮುಳುಗಿ ಮೂರು ದಿನ ತಲೆಯೆತ್ತಲಿಲ್ಲ. ಹೇಗೋ ಒಂದೊಂದನ್ನಾಗಿ ಸಾಗಿಸಿದೆ. ಕೊನೆಗೆ ಉಳಿದದ್ದು ಚೆಲುವಿ.

ಚೆಲುವಿಯ ಕಥೆ ಹೇಳಬೇಕಾದರೆ ನಿಂಗಯ್ಯನನ್ನು ಹೇಳಬೇಕು. ಅವನು ತೋಟದ ಕಾವಲಿನವನು, ಪ್ರಾಣಿಗಳಿಗೆ ಮೇವು ಹಾಕುವವನೂ ಅವನೇ. ಅಕ್ಕಿಹೆಬ್ಬಾಳಿನ ಕಡೆಯವನು, ಅರವತ್ತರ ಹತ್ತಿರದ ವಯಸ್ಸು, ಬಿಸಿಲಿರಲಿ ಮಳೆಯಿರಲಿ ಹೆಗಲ ಮೇಲೆ ಕರಿ ಕಂಬಳಿ. ನಾಗಮಂಗಲದ ಆಚೆ, ಆದಿಚುಂಚನಗಿರಿಯ ಕಡೆಯ ಗುಡ್ಡದಲ್ಲಿ ಸೌದೆಗೆ ಹೋದವರು ಒಂದು ಮರಿಯನ್ನು ಹಿಡಿದು, ಕುಕ್ಕೆಯಲ್ಲಿ ತುರುಕಿ, ಮೇಲೆ ಹಗ್ಗ ಬಿಗಿದು ಎರಡು ಹಗಲು ಹೊತ್ತು ತಂದಿದ್ದರಂತೆ. ಕುಕ್ಕೆ ಬಿಚ್ಚಿ ಅದನ್ನು ಮಡಿಲಿಗೆ ಹಾಕಿಕೊಂಡವನು ನಿಂಗಯ್ಯ. ಹಾಲು ಕುಡಿಸಿ, ರಾಗಿ ಮುದ್ದೆ ತಿನ್ನಿಸಿ ಬೆಳೆಸಿದ. ಅವನು ಪಂಜರದೊಳಗೆ ಹೋಗಿ ಕೂತರೆ ಅದು ಬಂದು ತೊಡೆಯ ಮೇಲೆ ಮೂತಿ ಇಡುತ್ತಿತ್ತು. ಬೇರೆ ಯಾರಾದರೂ ಕೈ ಚಾಚಿದರೆ ಕೈ ಉಳಿಯುತ್ತಿರಲಿಲ್ಲ. ಅದಕ್ಕೆ ಒಂದೇ ಹೆದರಿಕೆ, ಮುಚ್ಚಿದ ಪೆಟ್ಟಿಗೆಯದು. ಪಂಜರದ ಒಳಗೂ ಗೂಡಿನ ಕಡೆ ಹೋಗದೆ ಬಯಲಲ್ಲೇ ಮಲಗುತ್ತಿತ್ತು.

ಬೋನು ತಯಾರಾಗುತ್ತಿದೆ ಎಂದು ತಿಳಿದಾಗ ನಿಂಗಯ್ಯ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಬುದ್ಧೀ, ಅದ್ಯಾಕೆ ಬೋನು? ಮೈಸೂರೇನು ದೂರವಾ? ಹಗ್ಗ ಹಾಕಿ ನಾನೇ ನಡೆಸ್ಕೊಂಡು ಓಯ್ತೀನಿ. ಬೆಳಗಿನ ಜಾವ ಒಂಟ್ರೆ ಬಿಸ್ಲೇರೋದ್ರೊಳ್ಗೆ ಮುಟ್ಟಿಸ್ಬುಡ್ತೀನಿ."

ಅವನು ಹೇಳಿದ್ದು ಸರಿಯಾಗಿತ್ತು. ನಾನು ಅದನ್ನೇ ಬರೆದು ಕಮಿಟಿಯ ಅಧ್ಯಕ್ಷರಿಗೆ ಕಳಿಸಿದೆ. ಸಾರ್ವಜನಿಕ ರಸ್ತೆಯಲ್ಲಿ ಕರಡಿಯನ್ನು ನಡೆಸುವುದು ಅಪಾಯ, ಬೋನಿನಲ್ಲೇ ಕಳಿಸತಕ್ಕದ್ದು ಎಂದು ಉತ್ತರ ಬಂತು. ಖುದ್ದಾಗಿ ಹೋಗಿ ಕೇಳಿದೆ. "ಗುಮಾಸ್ತರು ಬರೆಯುವ ಕೆಲಸ ಮಾಡಿದರೆ ಸಾಕು" ಎಂದರು. ಹಿಂದಿರುಗಿ ಬಂದು ನಿಂಗಯ್ಯನಿಗೆ ಹೇಳಿದಾಗ ಅವನು ಸೊಂಟದಿಂದ ಬೀಗದ ಕೈ ಗೊಂಚಲು ತೆಗೆದು ನನ್ನ ಮುಂದಿಟ್ಟ.

"ಅವಳ ತಲೆ ಮೇಲೆ ಕೈಯಿಟ್ಟು ಮಾತು ಕೊಟ್ಟಿವ್ನಿ ಬುದ್ಧಿ, ಪೆಟ್ಗೆಗೆ ಆಕಾಕಿಲ್ಲ ಅಂತ. ನೀವು ಏನಾರ ಮಾಡ್ಕಳಿ. ನಾನಿಲ್ಲಿ ಇದ್ರೆ ಅವಳು ನನ್ನ ಮೊಕಾನೇ ನೋಡ್ತಾಳೆ. ನನ್ನ ಕೈಲಿ ನೋಡಾಕಾಗಾಕಿಲ್ಲ. ಮಗಳ ಕೂಸಿಗೆ ಎಸ್ರಿಡ್ತಾವ್ರೆ, ಊರಿಗೆ ಓಯ್ತೀನಿ."

ಮಾರನೆಯ ಬೆಳಿಗ್ಗೆ ಅವನು ಹಿರೋಡೆಯವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಕೃಷ್ಣರಾಜಪೇಟೆಯ ಮೇಲೆ ಅಕ್ಕಿಹೆಬ್ಬಾಳಿಗೆ ಹೋದ. ಹಿರೋಡೆಯಲ್ಲಿ ಅವನು ಬಸ್ಸು ಹತ್ತಿದ್ದನ್ನು ನೋಡಿದವರು ನಮ್ಮೂರಿನಲ್ಲೇ ಇದ್ದರು.

ಆಮೇಲಿನ ಆರು ದಿನಗಳನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬೋನನ್ನು ಪಂಜರದ ಬಾಗಿಲಿಗೆ ತಾಗಿಸಿ ಇಟ್ಟಿದ್ದೆವು. ಮುಂದಿನ ಬಾಗಿಲನ್ನು ರಾಟೆಯ ಮೇಲಿನ ಹಗ್ಗದಿಂದ ಎತ್ತಿ ಹಿಡಿಯಬೇಕು; ಪ್ರಾಣಿ ಒಳಗೆ ಬಂದ ಕೂಡಲೇ ಬಿಟ್ಟರೆ ಬಾಗಿಲು ಬೀಳುತ್ತದೆ. ಹಿಂದುಗಡೆ ಒಬ್ಬ ಮನುಷ್ಯ ನುಸುಳುವಷ್ಟು ಕಿಂಡಿ, ಅದಕ್ಕೆ ಹೊರಗಡೆಯಿಂದ ಅಗುಳಿ. ಹಲಸಿನ ತೊಳೆ ಇಟ್ಟೆವು. ಬೆಲ್ಲ ಇಟ್ಟೆವು. ಜೇನುಹುಟ್ಟು ತರಿಸಿದೆವು. ಚೆಲುವಿ ಬಾಗಿಲವರೆಗೆ ಬಂದು, ಮೂಸಿ, ಹಿಂದಕ್ಕೆ ಸರಿದು ಮೂಲೆಯಲ್ಲಿ ಕೂರುತ್ತಿತ್ತು. ಎರಡು ದಿನ ಏನೂ ಹಾಕದೆ ನೋಡಿದೆವು. ಡಬ್ಬ ಬಡಿದೆವು. ಅದು ಕಂಬಿಗಳನ್ನು ಕಚ್ಚಿ ಬಾಯಿ ರಕ್ತ ಮಾಡಿಕೊಂಡಿತು. ಗಾಡಿಯ ಸಿದ್ದೇಗೌಡ ಪ್ರತಿದಿನ ಬೆಳಿಗ್ಗೆ ಎತ್ತು ಹೊಡೆದುಕೊಂಡು ಬಂದು, ಸಂಜೆ ಬೈದುಕೊಂಡು ಹೋಗುತ್ತಿದ್ದ. ಅಧ್ಯಕ್ಷರಿಂದ ದಿನಕ್ಕೊಂದು ಚೀಟಿ: ವಿಳಂಬಕ್ಕೆ ಕಾರಣವೇನು? ಕಾರಣ ಪಂಜರದ ಮೂಲೆಯಲ್ಲಿ ಕೂತಿದೆ, ಬಂದು ನೋಡಿ ಎಂದು ಬರೆಯಬೇಕೆನಿಸಿತು. ಬರೆಯಲಿಲ್ಲ. ಆರನೆಯ ದಿನದ ಚೀಟಿಯಲ್ಲಿ, ನಾಳೆಯೂ ಆಗದಿದ್ದರೆ ಪ್ರಾಣಿಗೆ ಗುಂಡು ಹಾರಿಸಿ ವಿಷಯ ಮುಗಿಸಲಾಗುವುದು ಎಂದಿತ್ತು.

ಏಳನೆಯ ದಿನ ಮಧ್ಯಾಹ್ನ. ಊಟಕ್ಕೆ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಸಿದ್ದೇಗೌಡ ಗಾಡಿಯ ಕೆಳಗೆ ನೆರಳಿನಲ್ಲಿ ಮಲಗಿದ್ದ. ಬಡಗಿ ಊಟಕ್ಕೆ ಹೋಗಿದ್ದ. ನಾನು ರಾಟೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಕಲ್ಲಿನ ಮೇಲೆ ಕೂತಿದ್ದೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಲ್ಲರ ಮೇಲೂ ಸಿಟ್ಟಾಗಿದ್ದೆ. ನಿಂಗಯ್ಯನ ಮೇಲೆ ಎಲ್ಲರಿಗಿಂತ ಹೆಚ್ಚು. ಅವನೊಬ್ಬ ಬಂದಿದ್ದರೆ ಈ ಪ್ರಾಣಿ ಉಳಿಯುತ್ತಿತ್ತು.

ಹೊಳೆಯ ಕಡೆಯ ಬಾಗಿಲಿನಿಂದ ಅವನು ಬಂದ.

ಇದನ್ನು ಹೀಗೆ ಸಲೀಸಾಗಿ ಬರೆಯುವುದಕ್ಕೆ ಕಾರಣವಿದೆ. ಆಗ ನನಗೆ ಅದು ಅಷ್ಟೇ ಸಲೀಸಾಗಿತ್ತು. ಮೈ ಜುಮ್ಮೆನ್ನಲಿಲ್ಲ, ಗಾಳಿ ತಣ್ಣಗಾಗಲಿಲ್ಲ. ಕರಿ ಕಂಬಳಿ ಹೆಗಲ ಮೇಲಿತ್ತು. ಬಲಗಾಲನ್ನು ಸ್ವಲ್ಪ ಎಳೆದು ನಡೆಯುವ ಅವನ ಅದೇ ನಡಿಗೆ. ಕೊನೆಗೂ ಮನಸ್ಸು ತಡೆಯದೆ ಬಂದಿದ್ದಾನೆ ಎಂದುಕೊಂಡೆ. "ಈಗ ಬಂದೆಯಾ? ಇನ್ನೆರಡು ದಿನ ಬಿಟ್ಟು ಬಂದಿದ್ದರೆ ಹೆಣ ಎತ್ತಬಹುದಿತ್ತಲ್ಲ!" ಎಂದು ಕೂಗಿಯೇಬಿಟ್ಟೆ. ಅವನು ನನ್ನ ಕಡೆ ನೋಡಲಿಲ್ಲ. ಬೋನಿನ ಹಿಂದಕ್ಕೆ ಹೋದ. ಕಿಂಡಿ ತೆರೆದ ಸದ್ದಾಯಿತು. ಹಲಗೆಗಳ ಸಂದಿನಿಂದ ಅವನು ಒಳಗೆ ಕಾಲು ಮಡಿಸಿ ಕೂತದ್ದು ಕಂಡಿತು.

ಕೂತವನು ನಾಲಿಗೆಯಿಂದ ಎರಡು ಸಲ ಲೊಟಕ್ಕೆನಿಸಿ, "ಬಾರವ್ವ... ಬಾ ನಮ್ಮವ್ವ..." ಎಂದ. ದಿನಾ ಅವನು ಮುದ್ದೆ ತಂದಾಗ ಕರೆಯುತ್ತಿದ್ದ ಹಾಗೆಯೇ. ಮೂಲೆಯಲ್ಲಿದ್ದ ಚೆಲುವಿ ಎದ್ದಿತು. ಆರು ದಿನ ನಮ್ಮನ್ನು ಅಳಿಸಿದ ಪ್ರಾಣಿ ತಲೆ ತಗ್ಗಿಸಿ, ಮಗುವಿನಂತೆ ಗುಯ್‌ಗುಟ್ಟುತ್ತ ಬೋನಿನೊಳಗೆ ಹೋಗಿ ಅವನ ತೊಡೆಯ ಮೇಲೆ ಮೂತಿ ಇಟ್ಟಿತು. ಅವನು ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ. ಎಷ್ಟು ಹೊತ್ತು ಹಾಗಿದ್ದರೋ ಹೇಳಲಾರೆ. ಆಮೇಲೆ ಅವನು ಮೆಲ್ಲಗೆ ಹಿಂದಕ್ಕೆ ಸರಿದು ಕಿಂಡಿಯಿಂದ ಇಳಿದ.

"ಬುಡಿ ಬುದ್ಧಿ," ಎಂದ.

ಹಗ್ಗ ಬಿಟ್ಟೆ. ಬಾಗಿಲು ಬಿತ್ತು. ನಾನು ಓಡಿ ಹಿಂದಕ್ಕೆ ಹೋದರೆ ಕಿಂಡಿಗೆ ಅಗುಳಿ ಆಗಲೇ ಹಾಕಿತ್ತು. ಅವನು ಹೊಳೆಯ ಬಾಗಿಲಿನತ್ತ ನಡೆಯುತ್ತಿದ್ದ. ನಾನು ಅವನನ್ನು ಕರೆಯಲಿಲ್ಲ. ಇದನ್ನು ಒಪ್ಪಿಕೊಳ್ಳಬೇಕು. ಏಳು ದಿನ ನಮ್ಮನ್ನು ಸಾಯಿಸಿ ಐದು ನಿಮಿಷದಲ್ಲಿ ಮುಗಿಸಿದನಲ್ಲ ಎಂಬ ಉರಿ ನನಗೆ. ಒಂದು ಒಳ್ಳೆಯ ಮಾತು ಆಡದೆ ಬೆನ್ನು ತಿರುಗಿಸಿ ಸಿದ್ದೇಗೌಡನನ್ನು ಎಬ್ಬಿಸಿದೆ. ಅವನು ಕಣ್ಣುಜ್ಜುತ್ತ ಎದ್ದು, "ನಿಂಗಯ್ಯನ ದನಿ ಕೇಳ್ದಂಗಾಯ್ತು, ಬಂದಿದ್ನಾ?" ಎಂದ. ಬಂದು ಹೋದ ಎಂದೆ.

ಅವತ್ತೇ ಹೊರಟೆವು. ದಾರಿಯುದ್ದಕ್ಕೂ ಚೆಲುವಿ ಸದ್ದು ಮಾಡಲಿಲ್ಲ. ಹಿಂದಿನ ಕಿಂಡಿಗೆ ಮೂತಿ ಒತ್ತಿಕೊಂಡೇ ಇತ್ತು. ಮೈಸೂರಿನಲ್ಲಿ ಅದನ್ನು ವಿಶಾಲವಾದ ಬಯಲು ಆವರಣಕ್ಕೆ ಬಿಟ್ಟರು. ನಾನು ಹಗುರಾಗಿ ಹಿಂದಿರುಗಿ ಅಧ್ಯಕ್ಷರಿಗೆ ವರದಿ ಬರೆದೆ. ಕಾವಲಿನ ನಿಂಗಯ್ಯನು ಸ್ವಇಚ್ಛೆಯಿಂದ ಬಂದು ಪ್ರಾಣಿಯನ್ನು ಬೋನಿಗೆ ಹತ್ತಿಸಿಕೊಟ್ಟನೆಂದೂ, ಅವನಿಗೆ ಮೈಸೂರಿನಲ್ಲಿ ಕೆಲಸ ಕೊಡಿಸಬೇಕೆಂದೂ ಸೇರಿಸಿದೆ. ಅವನನ್ನು ಬೈದದ್ದಕ್ಕೆ ಅದು ನನ್ನ ಪ್ರಾಯಶ್ಚಿತ್ತವಾಗಿತ್ತು.

ನಾಲ್ಕು ದಿನ ಕಳೆದ ಮೇಲೆ ನಿಂಗಯ್ಯ ನಮ್ಮ ಮನೆಯ ಜಗಲಿಯ ಮುಂದೆ ನಿಂತಿದ್ದ. ಅವನನ್ನು ಅಷ್ಟು ಸಿಟ್ಟಿನಲ್ಲಿ ನಾನು ಎಂದೂ ಕಂಡಿರಲಿಲ್ಲ.

"ಏನು ಬುದ್ಧಿ ನೀವು ಮಾಡಿರೋ ಕೆಲ್ಸ? ಪ್ಯಾಟೆ ಬೀದೀಲಿ ಎಲ್ರೂ ನಗಾಡ್ತಾವ್ರೆ. ಮಾತು ಕೊಟ್ಟಿವ್ನಿ ಅಂತ ಬಡ್ಕೊಂಡು, ಕೊನೇಗೆ ನೀನೇ ಪೆಟ್ಗೆಗೆ ಆಕ್ದ್ಯಲ್ಲೋ ಅಂತಾವ್ರೆ. ನಾನ್ಯಾವಾಗ ಬಂದಿದ್ದೆ?"

ನನಗೆ ಅರ್ಥವಾಗಲಿಲ್ಲ. ನೀನು ಬಂದಿದ್ದೆಯಲ್ಲ ನಿಂಗಯ್ಯ, ಮಧ್ಯಾಹ್ನ, ಹೊಳೆ ಕಡೆಯಿಂದ, ನಾನೇ ಹಗ್ಗ ಬಿಟ್ಟೆನಲ್ಲ ಎಂದೆ. ಅವನು ನನ್ನನ್ನೇ ದಿಟ್ಟಿಸಿದ.

"ಅವಳ್ನ ಎಂಗೋ ಇಡ್ದಿದ್ದೀರಿ, ಇಡ್ಕಳಿ. ಅದ್ನ ನನ್ನ ತಲೆಗೆ ಯಾಕೆ ಕಟ್ತೀರಿ? ನಾನು ಊರು ಬುಟ್ಟು ಒಂದೆಜ್ಜೆ ಆಚೆ ಇಟ್ಟಿಲ್ಲ ಕಣ್ ಬುದ್ಧಿ. ಕೂಸಿನ ಮೇಲಾಣೆ."

ಮೊದಲು ನನಗೂ ಸಿಟ್ಟೇ ಬಂತು. ಮಾತು ತಪ್ಪಿದ ನಾಚಿಕೆಗೆ ಹೀಗೆ ಹೇಳುತ್ತಿದ್ದಾನೆ ಎಂದುಕೊಂಡೆ. ಆದರೆ ಅವನ ಮುಖದಲ್ಲಿ ಕಳ್ಳತನವಿರಲಿಲ್ಲ. ಅಂದು ನಿದ್ದೆ ಬರಲಿಲ್ಲ. ಎರಡು ದಿನ ರಜೆ ಹಾಕಿ, ಮೈಸೂರಿಗೆ ಹೋಗಿ, ಅಲ್ಲಿಂದ ಅರಸೀಕೆರೆಯ ರೈಲು ಹಿಡಿದು ಅಕ್ಕಿಹೆಬ್ಬಾಳಿನಲ್ಲಿ ಇಳಿದೆ. ಅವನ ಸುಳ್ಳನ್ನು ಹಿಡಿಯಬೇಕೆಂದೇ ಹೋಗಿದ್ದೆ. ಮಗಳು, ಅಳಿಯ, ಪಕ್ಕದ ಮನೆಯವರು ಎಲ್ಲರೂ ಅವನು ಅಲ್ಲೇ ಇದ್ದನೆಂದರು. ಮನೆಯವರ ಮಾತನ್ನು ಯಾವ ಲೆಕ್ಕಕ್ಕೆ ಹಿಡಿಯುವುದು ಎಂದು ಸ್ಟೇಷನ್ನಿಗೆ ವಾಪಸು ಬಂದೆ. ಸ್ಟೇಷನ್ ಮಾಸ್ಟರಿಗೂ ನಿಂಗಯ್ಯನಿಗೂ ನೆಂಟಸ್ತಿಕೆಯಿಲ್ಲ, ಸುಳ್ಳು ಹೇಳಬೇಕಾದ ಹಂಗಿಲ್ಲ. ದಿನ, ಹೊತ್ತು ಹೇಳಿ ವಿಚಾರಿಸಿದೆ.

"ಕರಡಿ ಸಾಕಿದ ಮುದುಕ ತಾನೆ? ಬಂದಿದ್ದ," ಎಂದರು ಅವರು. ಬೀಗರನ್ನು ಇದಿರುಗೊಳ್ಳಲು ಬಂದಿದ್ದನಂತೆ. ಅವತ್ತು ಗಾಡಿ ಬಹಳ ತಡ. ಮಧ್ಯಾಹ್ನವೆಲ್ಲ ಪ್ಲಾಟ್‌ಫಾರಂ ಮೇಲೆಯೇ ಕೂತಿದ್ದನಂತೆ. ಹೊತ್ತು ಹೋಗಲೆಂದು ಮಾಸ್ಟರು ಕರಡಿಯ ಸುದ್ದಿ ತೆಗೆದರಂತೆ. "ಅಷ್ಟು ದೊಡ್ಡ ಪ್ರಾಣಿ ನೀನು ಕರೆದರೆ ಬರುತ್ತದೇನಯ್ಯ, ಹೇಗೆ ಕರೆಯುತ್ತೀಯ ಅಂದೆ. ಬಾರವ್ವ ಬಾರವ್ವ ಅಂತ ನಾಲಿಗೆಯಲ್ಲಿ ಸದ್ದು ಮಾಡಿ ಕರೆದು ತೋರಿಸಿದ. ಆಮೇಲೆ ಅತ್ತುಬಿಟ್ಟ, ಪಾಪ."

ಎಷ್ಟು ಹೊತ್ತಿನಲ್ಲಿ ಎಂದು ಕೇಳಿದೆ. ಅವರು ಗಾಡಿ ಬಂದ ಹೊತ್ತಿನ ಪುಸ್ತಕ ತೆಗೆದು, ಅದಕ್ಕೆ ಸ್ವಲ್ಪ ಮೊದಲು ಎಂದು ಬೆರಳಿಟ್ಟು ತೋರಿಸಿದರು. ನಾನು ಊಟ ಬಿಟ್ಟು ಹಗ್ಗ ಸುತ್ತಿಕೊಂಡು ಕೂತಿದ್ದ ಹೊತ್ತು ಅದೇ.

ಓದುವವರು ಇಲ್ಲಿ ನಿಂತು, ಸರಿ, ಹೀಗಾಗಿರಬೇಕು ಎಂದು ಏನಾದರೂ ಹೇಳಬಹುದು. ನಾನು ಹಾಗೆ ಹೇಳಿಕೊಳ್ಳಲು ನೋಡಿದ್ದೇನೆ. ಏನೂ ಪ್ರಯೋಜನವಾಗಲಿಲ್ಲ. ಅಲ್ಲಿ ಕೂತು ಕರೆದದ್ದು ಇಲ್ಲಿ ಕೇಳಿಸಿತೆಂದರೂ ಅಗುಳಿ ಹಾಕಿದ ಕೈ ಯಾರದು? ಬಿಸಿಲಿಗೆ, ಹಸಿವಿಗೆ ನನ್ನ ತಲೆ ತಿರುಗಿ ಕಂಡದ್ದೆಂದು ಡಾಕ್ಟರೊಬ್ಬರು ಹೇಳಿದರು. ಕರಡಿಯ ತಲೆಯೂ ತಿರುಗಿತ್ತೇ ಎಂದು ಕೇಳಿದ್ದಕ್ಕೆ ಅವರಿಗೆ ಬೇಸರವಾಯಿತು. ಹಿರಿಯರೊಬ್ಬರು ಅದು ದೇವರ ಕೃಪೆ ಎಂದರು. ಕೃಪೆಯಾದರೆ ಒಬ್ಬ ಬಡವನ ಮಾತನ್ನು ಹಾಳುಮಾಡಿ ಏಕೆ ಬರಬೇಕಿತ್ತು? ಯಾರ ಹತ್ತಿರ ಹೋದರೂ ಅರ್ಧ ಉತ್ತರ, ಅದೂ ಉಳಿದರ್ಧಕ್ಕೆ ಹೊಂದದ ಉತ್ತರ.

ವರದಿಯನ್ನು ತಿದ್ದಿ ಬರೆಯುತ್ತೇನೆಂದು ಅಧ್ಯಕ್ಷರ ಹತ್ತಿರ ಹೋದೆ. "ಹಾಗಾದರೆ ಹತ್ತಿಸಿದವರು ಯಾರು?" ಎಂದರು. ವರದಿ ಹಾಗೇ ಉಳಿಯಿತು.

ನಿಂಗಯ್ಯನಿಗೆ ಸ್ಟೇಷನ್ ಮಾಸ್ಟರ ಮಾತು ಹೇಳಲಿಲ್ಲ. ನೀನು ಅಕ್ಕಿಹೆಬ್ಬಾಳಿನಲ್ಲೇ ಇದ್ದೆ, ನಾನೇ ತಪ್ಪು ಕಂಡಿರಬೇಕು ಎಂದಷ್ಟೇ ಹೇಳಿ ಕ್ಷಮೆ ಕೇಳಿದೆ. ಅವನು ಸ್ವಲ್ಪ ಸಮಾಧಾನವಾಗಿ, "ಒಂದ್ಸಲ ಅವಳ್ನ ತೋರಿಸ್ಬುಡಿ ಬುದ್ಧಿ" ಎಂದ. ಇಬ್ಬರೂ ಮೈಸೂರಿಗೆ ಹೋದೆವು.

ಚೆಲುವಿ ಚೆನ್ನಾಗಿತ್ತು. ಬಾಯಿಯ ಗಾಯ ಮಾಗಿತ್ತು, ಹೊಸ ಕಾವಲಿನವನ ಕೈಯಿಂದ ತಿನ್ನುತ್ತಿತ್ತು. ನಿಂಗಯ್ಯ ಕಂಬಿಯ ಹತ್ತಿರ ಕೂತು ಕರೆದ. ಅದು ತಟ್ಟನೆ ಎದ್ದು ಬಂತು. ಅವನ ಕೈ ಮೂಸಿತು. ಕಂಬಳಿ ಮೂಸಿತು. ಮೂಸಿ, ಅವನಿಗೆ ಬೆನ್ನು ಹಾಕಿ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಿತು. ಅವನು ಕರೆಯುತ್ತಲೇ ಇದ್ದ. ಮನೆಯಿಂದ ತಂದಿದ್ದ ಮುದ್ದೆಯನ್ನು ಕಂಬಿಯ ಸಂದಿನಲ್ಲಿ ಹಿಡಿದೇ ಇದ್ದ. ಬಾಗಿಲು ಹಾಕುವ ಹೊತ್ತಾಯಿತೆಂದು ಕಾವಲಿನವನು ಬಂದು ಎಬ್ಬಿಸುವವರೆಗೂ ಅದು ತಿರುಗಲಿಲ್ಲ.

ಅವನನ್ನು ಸ್ಟೇಷನ್ನಿನವರೆಗೆ ಕರೆತಂದೆ. ಗಾಡಿ ಹತ್ತುವಾಗ ಹೇಳಿದ.

"ನಾನಲ್ಲ ಅಂತ ಊರೋರ್ಗೆ ಯೋಳ್ಬೋದು ಬುದ್ಧಿ. ನಿಮ್ಗೂ ಯೋಳ್ದೆ, ನೀವು ಒಪ್ಕೊಂಡ್ರಿ. ಅವಳ್ಗೆ ಯಾರು ಯೋಳೋರು?"

ಅವನು ಆಮೇಲೆ ಮೈಸೂರಿನ ಕೆಲಸಕ್ಕೂ ಹೋಗಲಿಲ್ಲ, ಪಟ್ಟಣದಲ್ಲೂ ನಿಲ್ಲಲಿಲ್ಲ. ನಾನೂ ಬೇರೆ ಕಚೇರಿಗೆ ಸೇರಿಕೊಂಡೆ. ಕೆಲವು ವರ್ಷಗಳ ಮೇಲೆ ಕೆಲಸದ ಮೇಲೆ ಕೃಷ್ಣರಾಜಪೇಟೆಗೆ ಹೋಗಿದ್ದಾಗ ಸಂತೆಯಲ್ಲಿ ಅವನೇ ನನ್ನನ್ನು ಗುರುತು ಹಿಡಿದು ಬಂದ. ಬಹಳ ಇಳಿದುಹೋಗಿದ್ದ. ಅಷ್ಟರಲ್ಲಿ ಚೆಲುವಿ ಸತ್ತಿತ್ತು; ಆ ಸುದ್ದಿ ಅವನಿಗೂ ಮುಟ್ಟಿತ್ತು. ಯೋಗಕ್ಷೇಮ ಮಾತಾಡಿದೆವು. ನನ್ನ ಬಸ್ಸು ಹೊರಡುವ ಹೊತ್ತಿಗೆ ಅವನು ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದ.

"ಅವತ್ತು ಬಂದೋನು ಅವಳ್ನ ಗದರಿಸಿದ್ನಾ ಬುದ್ಧಿ? ಒಡೆದ್ನಾ?"

ಇಲ್ಲ ನಿಂಗಯ್ಯ, ಕಿವಿಯ ಹಿಂದೆ ಕೆರೆಯುತ್ತ ಕೂತಿದ್ದ ಎಂದೆ.

"ಅಂಗಾದ್ರೆ ಸರಿ ಬುಡಿ," ಎಂದ. ಅವನ ಮುಖ ಸಡಿಲವಾಯಿತು. ಸ್ಟೇಷನ್ ಮಾಸ್ಟರು ಹೇಳಿದ್ದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದರೆ ಅವನಿಗೆ ಸಮಾಧಾನವಾಗುತ್ತಿತ್ತೋ, ಇದ್ದಬದ್ದ ನೆಮ್ಮದಿಯೂ ಹೋಗುತ್ತಿತ್ತೋ ತಿಳಿಯಲಿಲ್ಲ. ಬಸ್ಸಿನವನು ಕೂಗಿದ, ನಾನು ಹತ್ತಿದೆ. ಅವನು ಕೈ ಮುಗಿದು ಸಂತೆಯ ಜನರೊಳಗೆ ಸೇರಿಹೋದ. ಅದೇ ಕೊನೆ, ಮತ್ತೆ ಅವನನ್ನು ನೋಡಲಿಲ್ಲ.

ಅವನಿಗೆ ಅಷ್ಟು ತಿಳಿದದ್ದೇ ಸಾಕಾಯಿತು. ನನಗೆ ಎಲ್ಲವೂ ತಿಳಿದಿದೆ, ಒಂದೂ ಸಾಲುತ್ತಿಲ್ಲ.